ಅಟ್ಟ ಹತ್ತಿದವರಿಗೆ ಏಣಿ

ವೈದ್ಯಕೀಯ ಮತ್ತು ನರ್ಸಿಂಗ್ ವಿದ್ಯಾರ್ಥಿಗಳು, ಜೊತೆಗೆ ಆಸಕ್ತ ಸಾರ್ವಜನಿಕರ ಮುಂದೆ ಸೋಗಿನ ಕಾಯಿಲೆಯ ಬಗ್ಗೆ, ಅಂದರೆ ಬೇಕೆಂದೇ ಕಾಯಿಲೆ ತಂದುಕೊಳ್ಳುವ ಅಥವಾ ನಟಿಸುವ ಸ್ಥಿತಿಯ ಬಗ್ಗೆ, ಆಡಿದ ಮಾತುಗಳನ್ನು ಅಲ್ಲಲ್ಲಿ ತಿದ್ದಿ ಬರೆದದ್ದು.

ಒಬ್ಬ ರೋಗಿಯ ಕಥೆಯಿಂದ ಶುರು ಮಾಡುತ್ತೇನೆ. ಗುರುತು ಹತ್ತಬಾರದೆಂದು ಮೂರು ನಾಲ್ಕು ಜನರ ವಿವರಗಳನ್ನು ಬೆರೆಸಿದ್ದೇನೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಲ್ಯಾಬ್ ಒಂದರಲ್ಲಿ ಕೆಲಸ. ಆರು ತಿಂಗಳಲ್ಲಿ ನಾಲ್ಕು ಸಲ ಪ್ರಜ್ಞೆ ತಪ್ಪಿ ಬಿದ್ದಿದ್ದರು, ಪ್ರತಿ ಸಲವೂ ರಕ್ತದಲ್ಲಿನ ಸಕ್ಕರೆ ಪಾತಾಳ ಕಂಡಿತ್ತು. ಅವರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಸುರಿಸುವ ಪುಟ್ಟ ಗಡ್ಡೆ ಇರಬಹುದೆಂದು ಸ್ಕ್ಯಾನ್ ಮೇಲೆ ಸ್ಕ್ಯಾನ್ ಆಯಿತು, ಏನೂ ಸಿಗಲಿಲ್ಲ. 72 ಗಂಟೆ ಉಪವಾಸ ಇರಿಸಿ, ಪಕ್ಕದಲ್ಲೇ ಒಬ್ಬರು ಕೂತು ಕಾದರೂ ಸಕ್ಕರೆ ಇಳಿಯಲಿಲ್ಲ. ಉಪವಾಸ ಮುಗಿದು, ಕಾವಲು ಎದ್ದುಹೋದ ಮರುರಾತ್ರಿ ಮೂರು ಗಂಟೆಗೆ ನೋಡಿದರೆ 34. ಹಾಸಿಗೆಯ ಪಕ್ಕ ಅವರದೇ ಒಂದು ನೋಟ್‌ಬುಕ್ ಇರುತ್ತಿತ್ತು. ದಿನಾಂಕ, ಹೊತ್ತು, ಸಕ್ಕರೆ ಪ್ರಮಾಣ, ಎಲ್ಲವನ್ನೂ ಸ್ಕೇಲ್ ಇಟ್ಟು ಗೆರೆ ಎಳೆದು ಬರೆದಿಡುತ್ತಿದ್ದರು. ನಮ್ಮ ಕೇಸ್‌ಶೀಟಿಗಿಂತ ಅಚ್ಚುಕಟ್ಟಾಗಿತ್ತು.

ಅಷ್ಟು ಹೊತ್ತಿಗೆ ಮೇದೋಜೀರಕದ ಒಂದು ಭಾಗವನ್ನು ಕತ್ತರಿಸಿ ತೆಗೆಯುವ ಮಾತು ನಡೆದಿತ್ತು. ಪುಣ್ಯಕ್ಕೆ, ಆ ರಾತ್ರಿ ಡ್ಯೂಟಿಯಲ್ಲಿದ್ದ ಕಿರಿಯ ವೈದ್ಯ ಗ್ಲೂಕೋಸ್ ಏರಿಸುವ ಮೊದಲು ಒಂದು ಟ್ಯೂಬ್ ರಕ್ತ ತೆಗೆದಿಟ್ಟಿದ್ದ. ನಮ್ಮ ದೇಹ ಇನ್ಸುಲಿನ್ ತಯಾರಿಸುವಾಗ ಮೊದಲು ಒಂದು ಉದ್ದದ ಸರಪಳಿ ಹೆಣೆದು, ಆಮೇಲೆ ಅದನ್ನು ಕತ್ತರಿಸುತ್ತದೆ. ಒಂದು ತುಂಡು ಇನ್ಸುಲಿನ್, ಉಳಿದ ತುಂಡಿಗೆ ಸಿ-ಪೆಪ್ಟೈಡ್ ಎಂದು ಹೆಸರು. ಒಂದಕ್ಕೆ ಒಂದರಂತೆ ಎರಡೂ ರಕ್ತಕ್ಕೆ ಬರುತ್ತವೆ. ಸೀಸೆಯಲ್ಲಿ ಮಾರುವ ಇನ್ಸುಲಿನ್‌ನಲ್ಲಿ ಈ ಎರಡನೆಯ ತುಂಡು ಇರುವುದಿಲ್ಲ. ಆದ್ದರಿಂದ ರಕ್ತದಲ್ಲಿ ಇನ್ಸುಲಿನ್ ರಾಶಿಯಿದ್ದು ಸಿ-ಪೆಪ್ಟೈಡ್ ಇಲ್ಲವೇ ಇಲ್ಲ ಎಂದಾದರೆ, ಆ ಇನ್ಸುಲಿನ್ ಸೂಜಿಯ ಮೂಲಕ ಬಂದದ್ದು. ರಿಪೋರ್ಟ್ ಹಾಗೆಯೇ ಬಂತು.

ಮನೋವೈದ್ಯನಾದ ನನಗೆ ವಿಷಯ ತಿಳಿದದ್ದು ಆಗಲೇ. ಆ ಹುಡುಗ ಓಡಿಬಂದು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಸಿಕ್ಕಿಬಿದ್ಲು ಸಾರ್!"

ಹಿಂದಿನ ದಿನದವರೆಗೆ ಅವನೇ "ಅವರು ಊಟ ಮಾಡಿದ್ರಾ, ನಿದ್ದೆ ಬಂತಂತಾ" ಎಂದು ವಿಚಾರಿಸುತ್ತಿದ್ದ. ಒಂದು ಕಾಗದ ಬಂದದ್ದೇ ತಡ, ಏಕವಚನಕ್ಕೆ ಇಳಿದ. ಅವನನ್ನು ದೂರುತ್ತಿಲ್ಲ. ಒಳ್ಳೆಯ ವೈದ್ಯ, ಆ ಟ್ಯೂಬ್ ತೆಗೆದಿಟ್ಟು ಒಂದು ದೊಡ್ಡ ಆಪರೇಷನ್ ತಪ್ಪಿಸಿದವನು. ಆದರೆ ಈ ಕಾಯಿಲೆಯ ಚಿಕಿತ್ಸೆ ಬಹುಪಾಲು ಹಾಳಾಗುವುದು ಇದೇ ಘಳಿಗೆಯಲ್ಲಿ. ಪತ್ತೆ ಹಚ್ಚಿದ್ದೇವೆ ಎಂಬ ಗೆಲುವು, ಇಷ್ಟು ದಿನ ಮೋಸ ಹೋದೆವು ಎಂಬ ಸಿಟ್ಟು, ಎರಡೂ ಸೇರಿ ರೋಗಿಯನ್ನು ಬಾಗಿಲಿನ ಆಚೆ ದಬ್ಬುತ್ತವೆ. ಅವರು ಇನ್ನೊಂದು ಆಸ್ಪತ್ರೆಗೆ ಹೋಗುತ್ತಾರೆ. ಅಲ್ಲಿ ಮತ್ತೆ ಮೊದಲ ಸ್ಕ್ಯಾನ್.

ಕಾಯಿಲೆಯ ನೆಪ ಹೂಡುವುದು ಹೊಸದೇನಲ್ಲ, ಮೈಗಳ್ಳ ಎಂಬ ಪದ ನಮ್ಮಲ್ಲಿ ಎಷ್ಟು ಹಳೆಯದೋ! ಎರಡನೆಯ ಶತಮಾನದ ವೈದ್ಯ ಗೇಲೆನ್, ಸುಳ್ಳು ರೋಗ ಹೇಳುವವರನ್ನು ಗುರುತಿಸುವುದು ಹೇಗೆ ಎಂದೇ ಬರೆದಿದ್ದಾನೆ. ತೊಡಕಿರುವುದು ಬೇರೆ ಕಡೆ. ಮೇಲುನೋಟಕ್ಕೆ ಒಂದೇ ಥರ ಕಾಣುವ ಮೂರು ಸ್ಥಿತಿಗಳನ್ನು ನಾವು "ನಾಟಕ" ಎಂಬ ಒಂದೇ ಚೀಲಕ್ಕೆ ತುಂಬುತ್ತೇವೆ.

ಮೊದಲನೆಯದು ಮೈಗಳ್ಳತನ. ರಜೆ, ಪರಿಹಾರದ ಹಣ, ಜೈಲಿನಿಂದ ತಪ್ಪಿಸಿಕೊಳ್ಳುವುದು, ನೋವಿನ ಇಂಜೆಕ್ಷನ್ ಗಿಟ್ಟಿಸುವುದು, ಹೀಗೆ ಹೊರಗಿನ ಒಂದು ಲಾಭ ಕಣ್ಣಮುಂದೆ ಇರುತ್ತದೆ. ಇದನ್ನು ಮನೋರೋಗವೆಂದು ಯಾವ ವರ್ಗೀಕರಣವೂ ಹೇಳುವುದಿಲ್ಲ. ಎರಡನೆಯದು ನಾವು ಇವತ್ತು ಮಾತಾಡುತ್ತಿರುವ ಸೋಗಿನ ಕಾಯಿಲೆ. ಇಲ್ಲಿಯೂ ವಂಚನೆ ಇದೆ, ಸೂಜಿ ಚುಚ್ಚಿಕೊಂಡದ್ದು ತಾನೇ ಎಂದು ವ್ಯಕ್ತಿಗೆ ಗೊತ್ತಿದೆ. ಆದರೆ ಅದರಿಂದ ಕೈಗೆ ಬರುವ ಲಾಭ ಯಾವುದೂ ಕಾಣುವುದಿಲ್ಲ, ರೋಗಿಯಾಗಿರುವುದೇ ಲಾಭ. ಯಾಕೆ ಹೀಗೆ ಮಾಡುತ್ತಿದ್ದೀರಿ ಎಂದು ಕೇಳಿದರೆ ಬಹುತೇಕರ ಬಳಿ ನಿಜಕ್ಕೂ ಉತ್ತರ ಇರುವುದಿಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ ಇದನ್ನು 1980ರ ಮೂರನೇ ಆವೃತ್ತಿಯಲ್ಲಿ ಪಟ್ಟಿಗೆ ಸೇರಿಸಿತು. 2013ರ ಐದನೇ ಆವೃತ್ತಿ ಇದನ್ನು ತನ್ನ ಮೇಲೆ ಹೇರಿಕೊಂಡದ್ದು, ಇನ್ನೊಬ್ಬರ ಮೇಲೆ ಹೇರಿದ್ದು ಎಂದು ಎರಡಾಗಿ ವಿಂಗಡಿಸಿತು.

ಮೂರನೆಯದರಲ್ಲಿ ನಟನೆಯೇ ಇಲ್ಲ. ನರಮಂಡಲದ ರಚನೆ ಸರಿಯಿದ್ದು ಕೆಲಸ ತಪ್ಪುವ ಸ್ಥಿತಿ ಅದು. ಕಾಲಿಗೆ ಶಕ್ತಿ ಇಲ್ಲ ಎನ್ನುತ್ತಾರೆ, ಎಂ.ಆರ್.ಐ. ಸರಿಯಾಗಿಯೇ ಇರುತ್ತದೆ. ಮಲಗಿಸಿ, ಸೋತ ಕಾಲಿನ ಹಿಮ್ಮಡಿಯ ಕೆಳಗೆ ನಿಮ್ಮ ಅಂಗೈ ಇಡಿ. "ಒತ್ತಿ" ಎಂದರೆ ಒತ್ತಲು ಆಗುವುದಿಲ್ಲ. ಈಗ ಇನ್ನೊಂದು ಕಾಲನ್ನು ಎತ್ತಲು ಹೇಳಿ. ಸೋತ ಕಾಲಿನ ಹಿಮ್ಮಡಿ ತಂತಾನೇ ನಿಮ್ಮ ಅಂಗೈಯನ್ನು ಒತ್ತುತ್ತದೆ. ಅಮೆರಿಕದ ವೈದ್ಯ ಚಾರ್ಲ್ಸ್ ಹೂವರ್ 1908ರಲ್ಲಿ ವಿವರಿಸಿದ ಚಿಹ್ನೆ ಇದು. ಹಿಂದೆ ಇದನ್ನು "ನೋಡಿ, ಸುಳ್ಳು ಬಯಲಾಯಿತು" ಎನ್ನಲು ಬಳಸುತ್ತಿದ್ದರು. ಈಗ ರೋಗಿಗೇ ಮಾಡಿ ತೋರಿಸಿ "ತಂತಿ ತುಂಡಾಗಿಲ್ಲ, ಶಕ್ತಿ ಒಳಗೇ ಇದೆ, ಅಭ್ಯಾಸದಿಂದ ಹೊರಗೆ ತರಬಹುದು" ಎನ್ನುತ್ತೇವೆ. ಅದೇ ಹಿಮ್ಮಡಿ, ಅದೇ ಅಂಗೈ.

ಪಾಠ ಮಾಡುವಾಗ ಈ ಮೂರರ ನಡುವೆ ಗೋಡೆ ಕಟ್ಟುವುದು ಸುಲಭ. ವಾರ್ಡಿನಲ್ಲಿ ಗೋಡೆ ಇರುವುದಿಲ್ಲ. ಸೋಗಿನ ಕಾಯಿಲೆಯವರಿಗೂ ರಜೆ ಸಿಗುತ್ತದೆ, ನಿಜವಾದ ಸಕ್ಕರೆ ಕಾಯಿಲೆಯವರೂ ಇನ್ಸುಲಿನ್ನನ್ನು ಬೇಕೆಂದೇ ಹೆಚ್ಚು ಚುಚ್ಚಿಕೊಳ್ಳುವುದುಂಟು.

ಈ ಕಾಯಿಲೆ ಎಂದ ಕೂಡಲೇ ಓದಿದವರ ಬಾಯಿಗೆ ಬರುವ ಹೆಸರು ಮುಂಚಾಸನ್. ಅದನ್ನು ಇಟ್ಟದ್ದು ಲಂಡನ್ನಿನ ವೈದ್ಯ ರಿಚರ್ಡ್ ಆಶರ್, 1951ರ ಲ್ಯಾನ್ಸೆಟ್ ಪತ್ರಿಕೆಯಲ್ಲಿ. ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತ, ಹೊಸ ಹೊಸ ಹೆಸರು ಹೇಳುತ್ತ, ಹೊಟ್ಟೆಯ ತುಂಬ ಹಳೆಯ ಆಪರೇಷನ್ ಗಾಯದ ಗೆರೆ ಹೊತ್ತು ತಿರುಗುವವರನ್ನು ಆತ ಬಣ್ಣಿಸಿದ. ಹೊಟ್ಟೆನೋವಿನವರು, ರಕ್ತಸ್ರಾವದವರು, ಮೂರ್ಛೆಯವರು ಎಂದು ಮೂರು ಬಗೆ ಮಾಡಿ, ಮೂರಕ್ಕೂ ತಮಾಷೆಯ ಲ್ಯಾಟಿನ್ ಹೆಸರಿಟ್ಟ. ಪಾಪ, ಜರ್ಮನಿಯ ಆ ಬ್ಯಾರನ್ ಮುಂಚಾಸನ್ ಕಾಯಿಲೆ ನಟಿಸಿದವನೇ ಅಲ್ಲ. ರಷ್ಯಾದ ಸೈನ್ಯದಲ್ಲಿದ್ದು ಊರಿಗೆ ಮರಳಿ, ಅತಿಥಿಗಳ ಮುಂದೆ ಬೊಗಳೆ ಬಿಡುತ್ತಿದ್ದ, ಅಷ್ಟೆ. 1785ರಲ್ಲಿ ರುಡಾಲ್ಫ್ ಎರಿಕ್ ರಾಸ್ಪೆ ಎಂಬವನು ಅವನ ಹೆಸರಿನಲ್ಲಿ ಕಥೆಗಳನ್ನು ಅಚ್ಚು ಹಾಕಿಸಿದ. ಬ್ಯಾರನ್ ಬದುಕಿದ್ದಾಗಲೇ ನಗೆಪಾಟಲಾದ, ಸತ್ತ ಮೇಲೆ ರೋಗವಾದ.

ಆಶರ್‌ನ ಬರಹ ಸೊಗಸಾಗಿದೆ, ತೊಂದರೆಯೂ ಅದೇ. ಅಲೆಮಾರಿ ಗಂಡಸು, ಬಣ್ಣಬಣ್ಣದ ಕಥೆ ಎಂಬ ಚಿತ್ರ ನಮ್ಮ ತಲೆಯಲ್ಲಿ ಕೂತುಬಿಟ್ಟಿತು. 2016ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ, ವೈದ್ಯಕೀಯ ಸಾಹಿತ್ಯದಲ್ಲಿ ವರದಿಯಾದ 455 ಪ್ರಕರಣಗಳನ್ನು ಒಟ್ಟುಗೂಡಿಸಿತು. ಮೂರರಲ್ಲಿ ಎರಡು ಪಾಲು ಹೆಂಗಸರು, ಸರಾಸರಿ ವಯಸ್ಸು 34ರ ಹತ್ತಿರ. ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುವವರು ಈ ಗುಂಪಿನಲ್ಲಿ ಮತ್ತೆ ಮತ್ತೆ ಕಾಣುತ್ತಾರೆ. ಅಂದರೆ ಸಾಮಾನ್ಯವಾಗಿ ನಮ್ಮೆದುರು ಬರುವವರು ಒಂದೇ ಕಡೆ ನೆಲೆ ನಿಂತ, ಕೆಲಸಕ್ಕೆ ಹೋಗುವ, ಮಾತು ಕಡಿಮೆಯ, ಡಾಕ್ಟರ ಮಾತಿಗೆ ತಲೆಯಾಡಿಸುವ ಮನುಷ್ಯರು. ಅನುಮಾನ ಬರುವಂಥವರಲ್ಲ.

ಹಾಗಾದರೆ ಗುರುತಿಸುವುದು ಹೇಗೆ? ಪ್ರಯೋಗಾಲಯ ಕೆಲವು ಕಡೆ ಸಹಾಯ ಮಾಡುತ್ತದೆ. ಸಿ-ಪೆಪ್ಟೈಡ್ ನೋಡಿದಿರಿ. ಅದರಲ್ಲೂ ಹುಷಾರಾಗಿರಬೇಕು: ಸಕ್ಕರೆ ಇಳಿಸುವ ಕೆಲವು ಮಾತ್ರೆಗಳು ದೇಹದ ಸ್ವಂತ ಇನ್ಸುಲಿನ್ನನ್ನೇ ಹಿಂಡಿ ತೆಗೆಯುವುದರಿಂದ ಸಿ-ಪೆಪ್ಟೈಡ್ ಕೂಡ ಏರುತ್ತದೆ, ಗಡ್ಡೆಯಿದ್ದ ಹಾಗೆಯೇ ಕಾಣುತ್ತದೆ. ಆ ಮಾತ್ರೆಗಳನ್ನು ಬೇರೆಯಾಗಿ ಹುಡುಕಬೇಕು. ಥೈರಾಯ್ಡ್ ಮಾತ್ರೆ ಗುಟ್ಟಾಗಿ ನುಂಗಿ ತೂಕ ಇಳಿಸಿಕೊಂಡು, ಎದೆಬಡಿತ ಏರಿಸಿಕೊಂಡು ಬಂದವರಲ್ಲಿ ಹಾರ್ಮೋನ್ ಹೆಚ್ಚಿರುತ್ತದೆ, ಗ್ರಂಥಿ ಮಾತ್ರ ಮಲಗಿರುತ್ತದೆ, ಅದು ತಾನೇ ತಯಾರಿಸುವ ಥೈರೊಗ್ಲಾಬ್ಯುಲಿನ್ ಎಂಬ ಪ್ರೋಟೀನ್ ತಳ ಸೇರಿರುತ್ತದೆ. ಜ್ವರದ ವಿಷಯದಲ್ಲಿ ಹಳೆಯ ನರ್ಸ್‌ಗಳಿಗೆ ಗೊತ್ತಿದ್ದ ಉಪಾಯವೊಂದಿದೆ. ಥರ್ಮಾಮೀಟರ್ 104 ತೋರಿಸುತ್ತಿದೆ, ನಾಡಿ ಮಾತ್ರ 72, ಮೈಯೂ ತಣ್ಣಗಿದೆ ಎಂದಾದರೆ ಆಗತಾನೇ ಹಿಡಿದ ಮೂತ್ರದ ಉಷ್ಣತೆ ನೋಡುತ್ತಿದ್ದರು. ರಕ್ತದಲ್ಲಿ ಒಂದೇ ಸಲಕ್ಕೆ ಮೂರು ನಾಲ್ಕು ಜಾತಿಯ ಬ್ಯಾಕ್ಟೀರಿಯಾ ಬೆಳೆದರೆ, ಹೊರಗಿನ ಕೊಳೆ ಸೂಜಿಯಲ್ಲಿ ಒಳಗೆ ಹೋಗಿರಬಹುದೇ ಎಂದು ಯೋಚಿಸಬೇಕು. ಚರ್ಮದ ಗಾಯವಾದರೆ ಅದು ಎಲ್ಲೆಲ್ಲಿದೆ ಎನ್ನುವುದಕ್ಕಿಂತ ಎಲ್ಲಿ ಇಲ್ಲ ಎಂದು ನೋಡಿ. ಕೈಗೆ ಎಟುಕದ ನಡುಬೆನ್ನು ಸ್ವಚ್ಛವಾಗಿರುತ್ತದೆ.

ಮರೆವು ನಟಿಸುವವರಿಗೆ ಇರುವ ಪರೀಕ್ಷೆಯ ಒಳಲೆಕ್ಕ ನನಗೆ ಬಹಳ ಇಷ್ಟ. ಐವತ್ತು ಚಿತ್ರ ತೋರಿಸುತ್ತಾರೆ. ಆಮೇಲೆ ಎರಡೆರಡು ಚಿತ್ರ ಮುಂದಿಟ್ಟು "ಆಗ ನೋಡಿದ್ದು ಯಾವುದು?" ಎಂದು ಕೇಳುತ್ತಾರೆ. ಒಂದೂ ನೆನಪಿಲ್ಲದವನು ಕಣ್ಣು ಮುಚ್ಚಿ ಬೊಟ್ಟು ಮಾಡಿದರೂ 25ರ ಆಸುಪಾಸು ಸರಿಯಾಗಬೇಕು. ಬರೀ 12 ಸರಿಯಾದರೆ? ಅಷ್ಟು ತಪ್ಪು ಮಾಡಬೇಕಾದರೆ ಸರಿ ಉತ್ತರ ಗೊತ್ತಿರಲೇಬೇಕು. ಇದು ಹೆಚ್ಚಾಗಿ ಮೈಗಳ್ಳತನದ ತನಿಖೆಗೆ, ಕೋರ್ಟು ಕಚೇರಿ ಸಂಬಂಧಿ ಪ್ರಕರಣಗಳಿಗೆ ಒದಗುವಂಥದ್ದು. ನಾಟಕ ಹೌದೋ ಅಲ್ಲವೋ ಎಂದು ಹೇಳುತ್ತದೆಯೇ ಹೊರತು ಯಾಕೆ ಎಂದು ಹೇಳುವುದಿಲ್ಲ.

ಉಳಿದಂತೆ ಬೇಕಾದದ್ದು ತಾಳ್ಮೆಯಿಂದ ಹಳೆಯ ಕಾಗದ ಓದುವುದು. ಹಿಂದಿನ ಆಸ್ಪತ್ರೆಯ ದಾಖಲೆ ಕೇಳಿದಾಗಲೆಲ್ಲ ಕಳೆದುಹೋಗಿರುತ್ತದೆ. ಮನೆಯವರ ಜೊತೆ ಮಾತಾಡಬೇಡಿ ಎನ್ನುತ್ತಾರೆ. ನಾಳೆ ಡಿಸ್ಚಾರ್ಜ್ ಎಂದ ರಾತ್ರಿಯೇ ಕಾಯಿಲೆ ಉಲ್ಬಣವಾಗುತ್ತದೆ. ಇವೆಲ್ಲ ಸುಳಿವುಗಳು, ಸಾಕ್ಷಿಗಳಲ್ಲ. ಈ ವ್ಯತ್ಯಾಸವನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ.

ನಾನು ತರಬೇತಿಯಲ್ಲಿದ್ದಾಗ ಒಬ್ಬ ಹುಡುಗಿ ಹೊಟ್ಟೆನೋವೆಂದು ಮೂರನೇ ಸಲ ಸೇರಿದ್ದಳು. ಸ್ಕ್ಯಾನ್ ಸರಿಯಿತ್ತು. ಹೊಟ್ಟೆ ಮುಟ್ಟಿದರೆ ಮೆತ್ತಗಿತ್ತು, ಅವಳು ಮಾತ್ರ ಕಿರುಚುತ್ತಿದ್ದಳು. ರಾತ್ರಿ ಏನೇನೋ ಮಾತಾಡುತ್ತಿದ್ದಳು. ಮನೆಯಲ್ಲಿ ಜಗಳವಿತ್ತು ಎಂಬುದೂ ಗೊತ್ತಾಗಿತ್ತು. ನನಗೆ ಅಷ್ಟು ಸಾಕಾಯಿತು. "ನಟನೆ ಇರಬಹುದು" ಎಂದು ಕೇಸ್‌ಶೀಟಿನಲ್ಲಿ ಬರೆದೆ. ಆ ಸಾಲು ಬರೆದ ಮೇಲೆ ಅವಳ ನೋವಿಗೆ ಯಾರೂ ಓಡಲಿಲ್ಲ. ಎರಡು ದಿನದ ನಂತರ ಕಿಟಕಿ ಪಕ್ಕದ ಬಿಸಿಲಿನಲ್ಲಿ ತೂಗುತ್ತಿದ್ದ ಮೂತ್ರದ ಚೀಲವನ್ನು ನರ್ಸ್ ಒಬ್ಬರು ನನಗೆ ತೋರಿಸಿದರು. "ಬೆಳಿಗ್ಗೆ ಹಳದಿ ಇತ್ತು ಡಾಕ್ಟ್ರೇ, ಈಗ ನೋಡಿ." ಕಡುಗೆಂಪು. ಪಾರ್ಫೈರಿಯಾ. ರಕ್ತದ ಕೆಂಬಣ್ಣ ತಯಾರಾಗುವ ಹಾದಿಯಲ್ಲಿನ ಒಂದು ಹುಟ್ಟು ದೋಷ. ಹೊಟ್ಟೆಯನ್ನೂ ನರವನ್ನೂ ಬುದ್ಧಿಯನ್ನೂ ಒಟ್ಟಿಗೆ ಹಿಂಡುತ್ತದೆ, ಹೊಟ್ಟೆ ಮುಟ್ಟಿದರೆ ಏನೂ ಸಿಗುವುದಿಲ್ಲ. ಅವಳು ಬದುಕಿದಳು. ನಾನು ಬರೆದ ಸಾಲು ಫೈಲಿನಲ್ಲಿ ಹಾಗೆಯೇ ಉಳಿಯಿತು.

ಈಗಲೂ ಅವಳ ಕಥೆ ಹೇಳುವಾಗ "ಅವಳು" ಎಂದೇ ಬರುತ್ತದೆ, ಗಮನಿಸಿದಿರಾ? ಆಗ ಅಂಟಿದ್ದು.

ಇದು ನನ್ನೊಬ್ಬನ ತಪ್ಪಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ದಾಖಲೆಯಿದೆ. ಹಿಸ್ಟೀರಿಯಾ (ನಾನು ಮೇಲೆ ಹೇಳಿದ ಮೂರನೆಯ ಸ್ಥಿತಿಯ ಹಳೆಯ ಹೆಸರು) ಎಂದು ಹೆಸರಿಟ್ಟು ಕಳಿಸಿದ್ದ ರೋಗಿಗಳನ್ನು ಬ್ರಿಟನ್ನಿನ ಮನೋವೈದ್ಯ ಎಲಿಯಟ್ ಸ್ಲೇಟರ್ ವರ್ಷಗಳ ನಂತರ ಹುಡುಕಿ ನೋಡಿ 1965ರಲ್ಲಿ ವರದಿ ಮಾಡಿದಾಗ, ಗಣನೀಯ ಪಾಲು ಜನರಿಗೆ ಗುರುತಿಸಬಲ್ಲ ದೈಹಿಕ ರೋಗ ಹೊರಬಿದ್ದಿತ್ತು. 2005ರಲ್ಲಿ ಬಂದ ದೊಡ್ಡ ವಿಮರ್ಶೆಯೊಂದರ ಪ್ರಕಾರ 1970ರ ದಶಕದಿಂದ ಈಚೆಗೆ ಇಂಥ ತಪ್ಪು ರೋಗನಿರ್ಣಯ ಶೇ. 4ರಷ್ಟಕ್ಕೆ ಇಳಿದಿದೆ. ಆ ನಾಲ್ಕರಲ್ಲಿ ಒಬ್ಬರು ನಿಮ್ಮ ವಾರ್ಡಿನಲ್ಲಿದ್ದರೆ ಅಂಕಿ ಎಷ್ಟು ಚಿಕ್ಕದಿದ್ದರೇನು? ಹಾಗಾಗಿ ನನ್ನ ನಿಯಮ ಇಷ್ಟು: ಪರೀಕ್ಷೆ ಸರಿ ಬಂತು ಎಂಬ ಒಂದೇ ಕಾರಣಕ್ಕೆ ಸೋಗು ಎನ್ನಬಾರದು. ಸೋಗು ಎನ್ನಲು ಸೋಗಿನದೇ ಪುರಾವೆ ಬೇಕು. ಸಿ-ಪೆಪ್ಟೈಡ್ ಅಂಥದ್ದು. ಪುರಾವೆ ಬೇಕೆಂದು ರೋಗಿಯ ಚೀಲ ತಡಕುವುದು, ಕದ್ದು ವಿಡಿಯೋ ಮಾಡುವುದು ಇವೆಲ್ಲ ವೈದ್ಯರ ಸ್ವಂತ ತೀರ್ಮಾನಕ್ಕೆ ಬಿಟ್ಟ ವಿಷಯವಲ್ಲ. ಆಸ್ಪತ್ರೆಯ ನೀತಿ ಸಮಿತಿಯನ್ನೂ ಕಾನೂನು ಬಲ್ಲವರನ್ನೂ ಕೇಳದೆ ಕೈ ಹಾಕಬೇಡಿ.

ಇನ್ನು ಚಿಕಿತ್ಸೆ. ಇದಕ್ಕೆಂದೇ ಮಾತ್ರೆ ಇಲ್ಲ. ಜೊತೆಗೆ ಖಿನ್ನತೆ ಇದ್ದರೆ, ಬಹಳ ಜನಕ್ಕೆ ಇರುತ್ತದೆ, ಅದಕ್ಕೆ ಔಷಧಿ ಕೊಡುತ್ತೇವೆ. ಉಳಿದದ್ದೆಲ್ಲ ಮಾತು, ಕ್ರಮ ಮತ್ತು ಕಾಲ. ನಿದ್ದೆ ಮಾಡುವವರನ್ನು ಎಬ್ಬಿಸಬಹುದು, ನಿದ್ದೆ ಬಂದಂತೆ ನಟಿಸುವವರನ್ನು ಎಬ್ಬಿಸಲಾಗದು ಎಂಬ ಗಾದೆ ಇದೆಯಲ್ಲ, ಅಂಥವರನ್ನು ಎಬ್ಬಿಸುವುದೇ ನಮ್ಮ ಕಸುಬು. ಅಲುಗಾಡಿಸಿದರೆ ಇನ್ನೂ ಬಿಗಿಯಾಗಿ ಕಣ್ಣು ಮುಚ್ಚುತ್ತಾರೆ.

ನೇರವಾಗಿ ಮುಖಕ್ಕೆ ಹೇಳಬೇಕೋ ಬೇಡವೋ ಎಂಬ ಜಗಳ ವೈದ್ಯರಲ್ಲಿ ಹಳೆಯದು. 1983ರಲ್ಲಿ ಒಂದು ಬೋಧನಾ ಆಸ್ಪತ್ರೆಯ ಹತ್ತು ವರ್ಷಗಳ 41 ರೋಗಿಗಳ ವರದಿ ಬಂತು. 33 ಜನರ ಮುಂದೆ ವೈದ್ಯರು ವಿಷಯ ಇಟ್ಟರು, ಒಪ್ಪಿಕೊಂಡವರು 13. ಆತ್ಮಹತ್ಯೆಗೆ ಇಳಿದಾರು ಎಂಬ ಹೆದರಿಕೆ ನಿಜವಾಗಲಿಲ್ಲ. 2008ರಲ್ಲಿ ಅದುವರೆಗಿನ ಚಿಕಿತ್ಸಾ ವರದಿಗಳನ್ನೆಲ್ಲ ಜಾಲಾಡಿದವರಿಗೆ, ಮುಖಾಮುಖಿ ಹೇಳಿದರೂ ಹೇಳದಿದ್ದರೂ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ನನಗೆ ಇದರಿಂದ ತಿಳಿಯುವುದೇನೆಂದರೆ, ತಪ್ಪೊಪ್ಪಿಗೆ ಚಿಕಿತ್ಸೆಯ ಗುರಿಯೇ ಅಲ್ಲ. ತಪ್ಪೊಪ್ಪಿಗೆ ಬೇಕಾಗಿರುವುದು ನಮಗೆ, ನಮ್ಮ ಸಿಟ್ಟಿಗೆ.

ಅಟ್ಟ ಹತ್ತಿಸಿ ಏಣಿ ತೆಗೆದರು ಎನ್ನುತ್ತೇವೆ. ಇಲ್ಲಿ ರೋಗಿ ತಾನೇ ಅಟ್ಟ ಹತ್ತಿದ್ದಾರೆ, ಪ್ರತಿ ಪರೀಕ್ಷೆ ಬರೆದುಕೊಟ್ಟು ಒಂದೊಂದು ಮೆಟ್ಟಿಲು ಹಾಕಿದವರು ನಾವೂ ಹೌದು. ಕೆಳಗೆ ನಿಂತು "ಇಳಿ ಕಳ್ಳಿ" ಎಂದು ಕೂಗಿದರೆ ಯಾರು ಇಳಿದಾರು? ಮಾನ ಹೋಗದಂತೆ ಇಳಿಯಲು ಏಣಿ ಇಡಬೇಕು. ಸ್ಟುವರ್ಟ್ ಐಸೆನ್‌ಡ್ರಾತ್ ಎಂಬ ಅಮೆರಿಕದ ಮನೋವೈದ್ಯ ಇದಕ್ಕೆ ಕೆಲವು ದಾರಿ ತೋರಿಸಿದ್ದಾರೆ. ವಾಸಿಯಾಗದ ಗಾಯದವರಿಗೆ, "ಈ ಚಿಕಿತ್ಸೆಗೆ ಗಾಯ ಮಾಯಬೇಕು. ಮಾಯದಿದ್ದರೆ ಅದು ಸ್ವಂತ ಕೈಯಿಂದ ಆಗುತ್ತಿದೆ ಎಂದು ತಿಳಿಯಬೇಕಾಗುತ್ತದೆ" ಎಂದು ಮುಂಚಿತವಾಗಿ ಹೇಳಿಬಿಡುವುದು ಒಂದು. ಗಾಯ ಮಾಯುತ್ತದೆ! ಇದರಲ್ಲಿ ಸ್ವಲ್ಪ ಚಾಲಾಕಿತನವಿದೆ, ನನಗೆ ಪೂರ್ತಿ ಹಿಡಿಸುವುದಿಲ್ಲ, ಆದರೆ ಚರ್ಮದ ವಿಭಾಗದಲ್ಲಿ ಕೆಲಸಕ್ಕೆ ಬಂದದ್ದನ್ನು ಕಂಡಿದ್ದೇನೆ.

ನಮ್ಮ ನೋಟ್‌ಬುಕ್ಕಿನ ಹೆಣ್ಣುಮಗಳ ಹತ್ತಿರ ಫಿಸಿಷಿಯನ್ ಮತ್ತು ನಾನು ಇಬ್ಬರೇ ಹೋದೆವು. ಹಿಂದೆ ವಿದ್ಯಾರ್ಥಿಗಳ ದಂಡು ಇರಲಿಲ್ಲ. ಕುರ್ಚಿ ಎಳೆದು ಕೂತೆವು. ಫಿಸಿಷಿಯನ್ ಹೇಳಿದರು: "ಗಡ್ಡೆ ಇಲ್ಲ ಅನ್ನೋದು ಖಚಿತವಾಯ್ತು. ಆಪರೇಷನ್ ಬೇಡ. ಇನ್ಸುಲಿನ್ ಹೊರಗಿನಿಂದ ಬಂದಿದೆ ಅಂತ ರಕ್ತದಲ್ಲಿ ಕಾಣ್ತಿದೆ. ತುಂಬಾ ಕಷ್ಟದಲ್ಲಿದ್ದವರಿಗೆ ಹೀಗಾಗೋದನ್ನ ಮುಂಚೆಯೂ ನೋಡಿದ್ದೀವಿ. ನಿಮ್ಮನ್ನ ನೋಡೋದನ್ನ ನಾವು ನಿಲ್ಲಿಸೋದಿಲ್ಲ."

ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ನನ್ನ ಮೇಲೆ ಅನುಮಾನಾನಾ?"

"ಅನುಮಾನಕ್ಕಿಂತ ಹೆದರಿಕೆ ಜಾಸ್ತಿ," ಎಂದೆ. "ಮುಂದಿನ ಸಲ ನೀವು ಏಳದೇ ಹೋದರೆ ಅಂತ."

ಅವರು ನೋಟ್‌ಬುಕ್ ಮುಚ್ಚಿ, ಅದರ ಮೇಲೆ ಸ್ಕೇಲನ್ನು ಅಂಚಿಗೆ ಸರಿಯಾಗಿ ಇಟ್ಟರು. "ಮತ್ತೆ ಯಾವಾಗ ಬರಬೇಕು?"

ಆ ಪ್ರಶ್ನೆಯಲ್ಲೇ ಚಿಕಿತ್ಸೆಯ ಬೀಜವಿತ್ತು. ಇಂಥವರಿಗೆ ಕಾಯಿಲೆ ಬಿದ್ದರೆ ಮಾತ್ರ ಡಾಕ್ಟರು ಸಿಗುತ್ತಾರೆ. ಹುಷಾರಾಗಿದ್ದರೂ ಸಿಗುತ್ತಾರೆ ಎಂದು ಗೊತ್ತಾದರೆ ಕಾಯಿಲೆಯ ಕೆಲಸ ಅಷ್ಟರಮಟ್ಟಿಗೆ ತಪ್ಪುತ್ತದೆ. ಆದ್ದರಿಂದ ಲಕ್ಷಣ ಇರಲಿ ಬಿಡಲಿ, ಗೊತ್ತು ಮಾಡಿದ ದಿನ ಭೇಟಿ. ಎಲ್ಲ ಔಷಧಿ, ಎಲ್ಲ ಪರೀಕ್ಷೆ ಒಬ್ಬ ವೈದ್ಯರ ಕೈಯಿಂದಲೇ ಹಾದುಹೋಗಬೇಕು. ವಾರ್ಡಿನ ಎಲ್ಲರನ್ನೂ ಕೂರಿಸಿ ಒಮ್ಮೆ ಮಾತಾಡಬೇಕು, ಸಿಟ್ಟು ಬಂದವರು ಅಲ್ಲೇ ಹೇಳಿಕೊಳ್ಳಬೇಕು. ಇಲ್ಲದಿದ್ದರೆ ಅದು ಸೂಜಿ ಚುಚ್ಚುವ ಕೈಯಲ್ಲಿ ಕಾಣಿಸಿಕೊಳ್ಳುತ್ತದೆ.

ಈಗ ಹೇಳಿದ್ದೆಲ್ಲ ತಲೆಕೆಳಗಾಗುವ ಜಾಗ ಒಂದಿದೆ. ಮಗುವಿನ ಮೇಲೆ ಕಾಯಿಲೆ ಹೇರುವವರ ವಿಷಯ. ಇಲ್ಲಿ ಏಣಿಯ ಮಾತು ಆಮೇಲೆ, ಮೊದಲು ಮಗು ಕ್ಷೇಮವಾಗಿ ಕೆಳಗಿಳಿಯಬೇಕು. 1977ರಲ್ಲಿ ಬ್ರಿಟನ್ನಿನ ಮಕ್ಕಳ ವೈದ್ಯ ರಾಯ್ ಮೆಡೋ ಎರಡು ಮಕ್ಕಳ ವಿಷಯ ಬರೆದರು. ಒಂದು ಮಗುವಿನ ಮೂತ್ರದ ಮಾದರಿಗೆ ತಾಯಿಯೇ ಕಲಬೆರಕೆ ಮಾಡುತ್ತಿದ್ದಳು. ಇನ್ನೊಂದಕ್ಕೆ ಉಪ್ಪು ತಿನ್ನಿಸಲಾಗುತ್ತಿತ್ತು, ಆ ಮಗು ಉಳಿಯಲಿಲ್ಲ. 2003ರಲ್ಲಿ 451 ಇಂಥ ಪ್ರಕರಣ ಒಟ್ಟುಗೂಡಿಸಿದಾಗ ಶೇ. 6ರಷ್ಟು ಮಕ್ಕಳು ಸತ್ತಿದ್ದರು, ಲಕ್ಷಣ ಶುರುವಾದ ಮೇಲೆ ಪತ್ತೆಯಾಗಲು ಸರಾಸರಿ ಸುಮಾರು 22 ತಿಂಗಳು ಹಿಡಿದಿತ್ತು. ತಾಯಿಯಿಂದ ದೂರವಿದ್ದಾಗ ಮಗು ಹುಷಾರಾಗುತ್ತದೆಯೇ ಎಂಬುದು ದೊಡ್ಡ ಸುಳಿವು. ಅನುಮಾನ ಗಟ್ಟಿಯಾದರೆ ಪೋಷಕರ ಮುಂದೆ ಬಾಯಿಬಿಡುವ ಮೊದಲು ಮಕ್ಕಳ ರಕ್ಷಣೆಯ ವ್ಯವಸ್ಥೆಗೆ ತಿಳಿಸಬೇಕು.

ಆದರೆ ಅದೇ ಮೆಡೋ ಅವರ ಮುಂದಿನ ಕಥೆಯನ್ನೂ ಹೇಳದಿದ್ದರೆ ಅನ್ಯಾಯ. ಇಬ್ಬರು ಹಸುಗೂಸುಗಳನ್ನು ಕಳೆದುಕೊಂಡ ಸ್ಯಾಲಿ ಕ್ಲಾರ್ಕ್ ಎಂಬ ತಾಯಿಯ ಮೇಲಿನ ಕೊಲೆ ಮೊಕದ್ದಮೆಯಲ್ಲಿ, ಒಂದೇ ಮನೆಯಲ್ಲಿ ಎರಡು ಕೂಸು ಸಹಜವಾಗಿ ಹೀಗೆ ಸಾಯುವ ಸಂಭವ 7.3 ಕೋಟಿಗೆ ಒಂದು ಎಂದು ಅವರು ಸಾಕ್ಷ್ಯ ಹೇಳಿದರು. ಎರಡು ಸಾವಿಗೂ ಸಂಬಂಧವೇ ಇಲ್ಲ ಎಂದುಕೊಂಡು ಮಾಡಿದ ಗುಣಾಕಾರ ಅದು. ಅಣ್ಣ ತಮ್ಮಂದಿರು ವಂಶವಾಹಿಗಳನ್ನು ಹಂಚಿಕೊಂಡಿರುತ್ತಾರೆ, ಮನೆಯೂ ಒಂದೇ. 1999ರಲ್ಲಿ ಶಿಕ್ಷೆಯಾಯಿತು. ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಆ ಲೆಕ್ಕವನ್ನು ಬಹಿರಂಗವಾಗಿ ಅಲ್ಲಗಳೆಯಿತು. 2003ರಲ್ಲಿ, ಬಚ್ಚಿಟ್ಟಿದ್ದ ಲ್ಯಾಬ್ ವರದಿಗಳು ಹೊರಬಂದ ಮೇಲೆ ಶಿಕ್ಷೆ ರದ್ದಾಯಿತು. 2007ರಲ್ಲಿ ಆಕೆ ತೀರಿಕೊಂಡರು. ಕಾಣದಿದ್ದುದನ್ನು ಕಾಣಿಸಿದ ಕಣ್ಣೇ ಇಲ್ಲದ್ದನ್ನೂ ಕಾಣಿಸಬಲ್ಲದು.

ಅಂತರ್ಜಾಲದ ಬಗ್ಗೆ ಕೇಳುತ್ತೀರಿ ಎಂದು ಗೊತ್ತು. ಇಲ್ಲದ ಕ್ಯಾನ್ಸರನ್ನು ಆನ್‌ಲೈನ್ ಗುಂಪುಗಳಲ್ಲಿ ಹೇಳಿಕೊಂಡು ವರ್ಷಗಟ್ಟಲೆ ಅನುಕಂಪ ಪಡೆಯುವವರ ಬಗ್ಗೆ ಮನೋವೈದ್ಯ ಮಾರ್ಕ್ ಫೆಲ್ಡ್‌ಮನ್ 2000ದಲ್ಲೇ ಬರೆದಿದ್ದಾರೆ. ಅಲ್ಲಿ ಸೂಜಿಯೂ ಬೇಡ, ಲ್ಯಾಬೂ ಬೇಡ. ಹಣ ಎತ್ತಲು ಶುರು ಮಾಡಿದರೆ ಅದು ಬೇರೆ ಅಧ್ಯಾಯ, ಪೊಲೀಸರದ್ದು.

ಮಾತು ಮುಗಿದ ಮೇಲೆ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬರು ಕೇಳಿದರು: "ಕೊನೆಗೂ ಅವರು ಒಪ್ಪಿಕೊಂಡ್ರಾ ಸರ್?"

ಇಲ್ಲ. ಎರಡು ವರ್ಷವಾಯಿತು, ಇನ್ಸುಲಿನ್ ಎಂಬ ಪದ ನಮ್ಮಿಬ್ಬರ ನಡುವೆ ಮತ್ತೆ ಬಂದಿಲ್ಲ. ತಿಂಗಳಿಗೊಮ್ಮೆ ಬರುತ್ತಾರೆ. ಮೊದಮೊದಲು ಸಕ್ಕರೆಯ ಪಟ್ಟಿ ತರುತ್ತಿದ್ದರು, ಈಗ ತಮ್ಮ ಮನೆಯ ವಿಷಯ ಮಾತಾಡುತ್ತಾರೆ. ಈ ಅವಧಿಯಲ್ಲಿ ಸಕ್ಕರೆ ಇಳಿದದ್ದು ಒಂದೇ ಸಲ, ನಾನು ಹೇಳದೆ ರಜೆ ಹಾಕಿದ ತಿಂಗಳು. ಈಗ ರಜೆಗೆ ಹೋಗುವುದಿದ್ದರೆ ಮೂರು ವಾರ ಮುಂಚೆಯೇ ತಿಳಿಸುತ್ತೇನೆ. ನನ್ನ ಬದಲು ಯಾರು ನೋಡುತ್ತಾರೆ ಎಂಬುದನ್ನು ಅವರು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದುಕೊಳ್ಳುತ್ತಾರೆ.